ಐದು ಸೆಕೆಂಡಿಗೊಂದು ಉಸಿರು

ನಾಯಿ-ಬೆಕ್ಕುಗಳ ತುರ್ತು ಆಸ್ಪತ್ರೆಯಲ್ಲಿ ಆ ನರ್ಸಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಉಸಿರಕ್ಕ ಅಂತ. ಹದಿನಾರು ವರ್ಷದ ಕೆಲಸ ತಂದುಕೊಟ್ಟ ಹೆಸರು. ಅಲ್ಲಿಂದ ಬಿಡಿಸಿಕೊಂಡು ಹೋಗುವ ಆಸೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಇವತ್ತು ಮಧ್ಯಾಹ್ನ ಮೂರಕ್ಕೆ ಶಾಲೆಯೊಂದರ ಪ್ರಯೋಗಾಲಯದ ಕೆಲಸಕ್ಕೆ ಸಂದರ್ಶನ. ಇಸ್ತ್ರಿ ಮಾಡಿದ ಬಟ್ಟೆ ಬೀರುವಿನಲ್ಲಿ ತೂಗುತ್ತಿತ್ತು.

ಹನ್ನೊಂದಕ್ಕೆ ಹಾವು ಕಚ್ಚಿದ ಬೆಕ್ಕು ಬಂತು. ತೂಕ ಮೂರು ಕೆಜಿ. ವಿಷಕ್ಕೆ ಮದ್ದು ಕೊಟ್ಟಾಯಿತು, ಆದರೆ ಎದೆಯ ಸ್ನಾಯುಗಳು ಸೋತು ಉಸಿರು ನಿಂತಿತ್ತು. ಇದ್ದ ಒಂದೇ ಉಸಿರಾಟದ ಯಂತ್ರ ಪಕ್ಕದ ನಾಯಿಗೆ ಹಾಕಿತ್ತು. ಬೆಕ್ಕಿನ ಗಂಟಲಿಗೆ ನಳಿಕೆ ಇಳಿಸಿ, ಅದಕ್ಕೆ ಸಿಕ್ಕಿಸಿದ ರಬ್ಬರ್ ಚೀಲವನ್ನು ಉಸಿರಕ್ಕನ ಕೈಗೆ ಕೊಟ್ಟು ಡಾಕ್ಟರಮ್ಮ ಆಪರೇಷನ್ ಕೋಣೆಗೆ ಓಡಿದರು.

ಬೆಕ್ಕು ತಾನೇ ಉಸಿರಾಡುವವರೆಗೆ ಐದು ಸೆಕೆಂಡಿಗೊಮ್ಮೆ ಒತ್ತಬೇಕು, ಎರಡೇ ಬೆರಳಲ್ಲಿ. ಎದೆ ತುಸು ಏಳುತ್ತಲೇ ಬಿಡಬೇಕು. ಹೆಚ್ಚಾದರೆ ಶ್ವಾಸಕೋಶ ಒಡೆಯುತ್ತದೆ. ಹಿಂದಿದ್ದ ಅಟೆಂಡರ್ ಒಮ್ಮೆ ಹಾಗೆ ಒಡೆದಿದ್ದ. ಅಂದಿನಿಂದ ಅವಳು ಚೀಲವನ್ನು ಯಾರ ಕೈಗೂ ಕೊಟ್ಟಿಲ್ಲ, ಯಾರಿಗೂ ಕಲಿಸಿಯೂ ಇಲ್ಲ.

ಎರಡಕ್ಕೆ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಈಗಿನ ಅಟೆಂಡರ್, ಎರಡು ಮಕ್ಕಳ ತಂದೆ, ಅದನ್ನು ತೆಗೆದು ಅವಳ ಕಿವಿಗೆ ಹಿಡಿದ.

"ಏನೇ, ಇನ್ನೂ ಹೊರಟಿಲ್ವಾ?" ಗಂಡ.

"ಕೈ ಬಿಡೋ ಹಾಗಿಲ್ಲ ರೀ."

"ನಿನ್ನ ಕೈ ಯಾವತ್ತು ಬಿಡುವಾಗಿತ್ತು ಹೇಳು!"

ಅಟೆಂಡರ್ ಫೋನ್ ಇಟ್ಟ. "ಕೊಡಕ್ಕ, ನಾನು ಒತ್ತುತೀನಿ. ಲಾರಿ ಟೈರಿಗೆ ಗಾಳಿ ಹೊಡೆದ ಕೈ ಇದು."

"ಅದೇ ನನಗೆ ಭಯ ಕಣೋ."

ಆದರೂ ಕೊಟ್ಟಳು. ಮೊದಲ ಒತ್ತಿಗೇ ಬೆಕ್ಕಿನ ಎದೆ ಬಲೂನಿನಂತೆ ಉಬ್ಬಿತು. ತಟ್ಟನೆ ಕಿತ್ತುಕೊಂಡಳು. ತಪ್ಪು ಅವನದಲ್ಲ. ಬೆರಳು ಪಳಗಲು ಒಂದು ಗಂಟೆಯಾದರೂ ಬೇಕು; ಈಗ ಹೊರಡಲು ಉಳಿದಿದ್ದದ್ದು ಕಾಲು ಗಂಟೆ. ಹದಿನಾರು ವರ್ಷದಲ್ಲಿ ಆ ಒಂದು ಗಂಟೆಯನ್ನು ಅವಳೇ ಯಾರಿಗೂ ಕೊಟ್ಟಿರಲಿಲ್ಲ.

ಗಂಟೆಗೆ ಏಳುನೂರ ಇಪ್ಪತ್ತು ಉಸಿರು. ಬಾಗಿಲ ಮೇಲಿನ ಗಡಿಯಾರದಲ್ಲಿ ಮೂರಾಯಿತು, ಮೂರೂವರೆಯಾಯಿತು. ಬೆಕ್ಕಿನ ಮೀಸೆ ಕೂಡ ಅಲುಗಲಿಲ್ಲ.

ನಾಲ್ಕಕ್ಕೆ ಅವಳೆಂದಳು, "ಸ್ಟೂಲ್ ಎಳ್ಕೊಂಡು ಬಾರೋ." ಅವನ ಎರಡು ಬೆರಳನ್ನು ಚೀಲದ ಮೇಲಿಟ್ಟು, ಅವುಗಳ ಮೇಲೆ ತನ್ನವನ್ನಿಟ್ಟಳು. "ಎಣಿಸು."

"ಈಗ ಯಾಕಕ್ಕ? ಇಂಟರ್‌ವ್ಯೂ ಮುಗಿದೇ ಹೋಯ್ತಲ್ಲ!"

"ಇನ್ನೆಲ್ಲಾದ್ರೂ ಕರೀತಾರೆ. ಆವತ್ತೂ ಒಂದು ಬೆಕ್ಕು ಬಂದೇ ಬರುತ್ತೆ."

ಐದಕ್ಕೆ ಅವಳು ಕೈ ತೆಗೆದಳು. ಅವನ ಬೆರಳಡಿ ಎದೆ ಹದವಾಗಿ ಎದ್ದು ಇಳಿಯಿತು. ಈಗ ಎದ್ದು ಹೋಗಬಹುದಿತ್ತು. ಅವಳು ಅಲ್ಲೇ ಕೂತಳು. ಮಡಿಲಲ್ಲಿದ್ದ ಎರಡು ಬೆರಳು ಐದು ಸೆಕೆಂಡಿಗೊಮ್ಮೆ ತಾವಾಗಿ ಮಡಚಿಕೊಳ್ಳುತ್ತಲೇ ಇದ್ದವು.