ತಡವಾದರೆ ಗೈರುಹಾಜರು

ಮೈಸೂರಿನ ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದ ನಮ್ಮ ಪ್ರೊಫೆಸರ್ ಹುಚ್ಚೀರಯ್ಯನವರ ಊರು ಮಂಡ್ಯದ ಹತ್ತಿರದ ಕೊತ್ತತ್ತಿ. ಹೀಗಾಗಿ ಯುರೋಪಿನ ಯುದ್ಧಗಳೆಲ್ಲ ಅವರ ಬಾಯಲ್ಲಿ ನಾಲೆ ನೀರಿನ ಜಗಳಗಳಾಗುತ್ತಿದ್ದವು. ಮಂಡ್ಯದ ರೈಲು ಹತ್ತಿ ಅವರೇ ತಡವಾಗಿ ಬಂದರೆ ತಪ್ಪು ರೈಲಿನದು. ಅವರ ಬೆನ್ನಿಗೇ ಒಳಗೆ ಬಂದ ಹುಡುಗ ಮಾತ್ರ ಗೈರುಹಾಜರು. “ವಾಟರ್‌ಲೂನಲ್ಲಿ ನೆಪೋಲಿಯನ್ ತಡ ಮಾಡೇ ಕೆಟ್ಟ ಕಣ್ಲಾ, ನಡಿ ಆಚೆಗೆ!” ಜ್ವರ, ಮದುವೆ, ಅಜ್ಜಿಯ ತಿಥಿ, ಯಾವುದಕ್ಕೂ ಮಾಫಿಯಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಅರ್ಧ ತರಗತಿ ಜೈಲು ಸೇರಿತು. ಮರುದಿನ ಅವರು ಖಾಲಿ ಬೆಂಚುಗಳನ್ನು ನೋಡುತ್ತ ಜೈಲಿನಲ್ಲಿದ್ದವರ ಹೆಸರನ್ನೂ ಕೂಗಿ, ಎಲ್ಲರಿಗೂ ಹಾಜರಿ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಪ್ರಿನ್ಸಿಪಾಲರು “ಇದೇನ್ರೀ?” ಎಂದರು. ಹುಚ್ಚೀರಯ್ಯನವರು ತಲೆಯೆತ್ತಲಿಲ್ಲ: “ಅವ್ರು ಚರಿತ್ರೆ ಪಾಠಕ್ಕೆ ಟೈಮಿಗೆ ಸರಿಯಾಗಿ ಓಗವ್ರೆ ಸಾರ್. ತಡ ಮಾಡಿರೋದು ನಾವು.”