ಮಂಡೆಪಟ್ಟಿನ ವಾಸನೆ

ಅವ್ವೆಯನ್ನು ಕೊಂಡೊಯ್ದ ಜ್ವರ ಅಪ್ಪನನ್ನು ಉಳಿಸಿತು. ಆದರೆ ಅವರ ಮೂಗನ್ನು ಉಳಿಸಲಿಲ್ಲ. ಅಂದಿನಿಂದ ಅವರಿಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಅವರೆಸಾರು ತಳ ಹಿಡಿದು ಸೀದರೂ ಒಲೆಯ ಮುಂದೆ ಆರಾಮಾಗಿ ಕೂತಿರುತ್ತಾರೆ. ನಾನು ಓಡಿಬಂದು ಬೈಯುತ್ತೇನೆ, ಬೈದ ಮೇಲೆ ಸಂಕಟಪಡುತ್ತೇನೆ.

ಕೋತಗಿರಿಯ ಆಸ್ಪತ್ರೆಗೆ ಹೋದ ಅವ್ವೆ ನಮ್ಮ ಹಟ್ಟಿಗೆ ವಾಪಸು ಬರಲಿಲ್ಲ. ಆ ದಿನಗಳಲ್ಲಿ ಸತ್ತವರನ್ನೂ ಮನೆಗೆ ಕೊಡುತ್ತಿರಲಿಲ್ಲ. ಅವಸರದಲ್ಲಿ ಹೊರಟಾಗ ಅವಳು ತಲೆಗೆ ಕಟ್ಟುತ್ತಿದ್ದ ಬಿಳಿ ಬಟ್ಟೆ, ನಾವು ಮಂಡೆಪಟ್ಟು ಅನ್ನುವುದು, ಬಾಗಿಲ ಹಿಂದಿನ ಗೂಟದಲ್ಲೇ ಉಳಿದಿತ್ತು. ಅಪ್ಪ ಅದನ್ನು ಒಗೆಯಲು ಬಿಡದೆ ಟ್ರಂಕಿನಲ್ಲಿಟ್ಟರು. ದಿನಾ ತೋಟಕ್ಕೆ ಹೋಗುವ ಮುಂಚೆ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಒಮ್ಮೆ ಅದನ್ನು ನನ್ನತ್ತ ಚಾಚಿದರು.

“ಕೂಸೇ, ವಾಸನೆ ಪಟ್ಟಿಂದ ಹೋಚಾ, ಎನ್ನ ಮೂಗಿಂದ ಹೋಚಾ?”

ಮೂಸಿ ನೋಡಿದೆ. ಒಲೆಯ ಹೊಗೆ, ಚಹಾ ಎಲೆ ಕಿತ್ತ ಕೈಯ ಹಸಿ ಕಹಿ, ತಲೆನೋವಿಗೆ ಹಣೆಗೆ ಹಚ್ಚುತ್ತಿದ್ದ ನೀಲಗಿರಿ ತೈಲ, ಎಲ್ಲದರ ಅಡಿಯಲ್ಲಿ ಅವ್ವೆ. “ಪಟ್ಟಲ್ಲೇ ಇದೆ ಅಪ್ಪಾ” ಎಂದೆ. ಅವರು ಅದನ್ನು ಮಡಿಸಿಟ್ಟರು.

ನಾನು ಊಟಿಯ ಶಾಲೆಯೊಂದರಲ್ಲಿ ಪಾಶ್ಚಾತ್ಯ ಶೈಲಿಯ ಪಿಟೀಲು ಕಲಿಸುತ್ತೇನೆ. ಆಗ ಪಿಟೀಲಿಗೂ ಅದರ ದೊಡ್ಡಣ್ಣನಂಥ ಚೆಲ್ಲೋಗೂ ಹೊಸ ಕೃತಿಯೊಂದನ್ನು ಬರೆಯುತ್ತಿದ್ದೆ, ನಮ್ಮ ಬೆಟ್ಟದ ವಾಸನೆಗಳ ಮೇಲೆ. ನಡುವಟ್ಟಂ ರಸ್ತೆಯ ಒದ್ದೆ ನೀಲಗಿರಿ ತೈಲಮರಗಳು, ಚಹಾ ಫ್ಯಾಕ್ಟರಿಯಲ್ಲಿ ಬಾಡುವ ಎಲೆ, ಮಸಿನಗುಡಿಯ ಒಣಮಣ್ಣಿಗೆ ಬಿದ್ದ ಮೊದಲ ಮಳೆ. ಹಟ್ಟಿಯವರಿಗೆ ಇದು ತಮಾಷೆಯೋ ತಮಾಷೆ. “ವಾಸನೆಗೆ ರಾಗ ಹಾಕ್ತಿಯಂತೆ, ಎನ್ನ ಗೊಬ್ಬರದ ಗುಂಡಿಗೂ ಒಂದು ಹಾಕು” ಅಂದಳು ಪಕ್ಕದ ಮನೆಯ ಅತ್ತೆ. ಅಪ್ಪ ಮಾತ್ರ ನಗಲಿಲ್ಲ.

“ಹಂಗಾರೆ ಅವ್ವೆಯನ್ನೂ ಅದರೊಳಗೆ ಇಕ್ಕು” ಎಂದರು.

ಇಕ್ಕುವುದು ಹೇಗೆ? ರಾಗ ಬರೆದರೆ ಅಳುಬುರುಕ ಸಿನಿಮಾ ಹಾಡಾಯಿತು, ಹರಿದುಹಾಕಿದೆ. ಕೊನೆಗೆ ಅಪ್ಪ ತೋಟಕ್ಕೆ ಹೋದ ಮೇಲೆ ಟ್ರಂಕು ತೆರೆದು, ಪಟ್ಟು ಮೂಸಿ, ಕೂಡಲೇ ಕಮಾನು ಹಿಡಿಯುವುದು ಅಭ್ಯಾಸವಾಯಿತು. ಕಮಾನನ್ನು ಒತ್ತದೆ ತಂತಿಯ ಮೇಲೆ ಬರೀ ಸವರಿದರೆ ಸ್ವರ ಹುಟ್ಟುವುದಿಲ್ಲ, ಉಸಿರಿನಂಥ ಸದ್ದು ಹುಟ್ಟುತ್ತದೆ. ಆ ಉಸಿರೊಳಗಿಂದ ಒಂದೇ ಒಂದು ಸ್ವರ ಬಂದು, ಬಂತು ಅನ್ನುವಷ್ಟರಲ್ಲಿ ಹೋಗಬೇಕು. ಅದೇ ಕೊನೆಯ ಭಾಗವಾಯಿತು. ಅದನ್ನು ಬರೆದ ದಿನಗಳಲ್ಲಿ ನಾನು ಸುಖವಾಗಿದ್ದೆ ಎನ್ನಲು ನನಗೇನೂ ನಾಚಿಕೆಯಿಲ್ಲ. ದಿನಾ ಅವ್ವೆ ಸಿಗುತ್ತಿದ್ದಳಲ್ಲ.

ಊಟಿಯ ಸಣ್ಣ ಸಭಾಂಗಣದಲ್ಲಿ ನಾನೂ ಚೆಲ್ಲೋ ನುಡಿಸುವವರೊಬ್ಬರೂ ಅದನ್ನು ಮೊದಲ ಸಲ ನುಡಿಸಿದೆವು. ಅದಕ್ಕೆ ಮುಂಚೆ ಒಬ್ಬರು ಕೃತಿಯ ಬಗ್ಗೆ ಕೃತಿಗಿಂತ ಉದ್ದದ ಭಾಷಣ ಮಾಡಿದರು, ಮೂಗಿಗಿಂತ ಮೂಗುತಿ ಭಾರ. ಅಪ್ಪ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ತೈಲಮರಕ್ಕೂ ಮಳೆಗೂ ಆಕಳಿಸಿದರು. ಕೊನೆಯ ಭಾಗ ಶುರುವಾದಾಗ ಅವರ ಬೆನ್ನು ನೆಟ್ಟಗಾದದ್ದನ್ನು ಕಂಡೆ. ವಾಪಸು ಬರುವ ಬಸ್ಸಿನಲ್ಲಿ “ಸಿಕ್ಕಿದಳು” ಎಂದರು, ಅಷ್ಟೇ. ನಾನು ಕಿಟಕಿಯತ್ತ ತಿರುಗಿ ಅತ್ತೆ.

ಮರುದಿನ ಶಾಲೆ ಮುಗಿಸಿ ಬಂದಾಗ ಅಂಗಳದ ತಂತಿಯ ಮೇಲೆ ಮಂಡೆಪಟ್ಟು ನೇತಾಡುತ್ತಿತ್ತು. ಬೆಳ್ಳಗೆ, ನೀರು ತೊಟ್ಟಿಕ್ಕುತ್ತ.

“ಅಪ್ಪಾ, ಇದೇನಿದು!” ಕಿರುಚಿಯೇಬಿಟ್ಟೆ.

“ಅವ್ವೆ ಒಂದು ದಿನಾನೂ ಮಾಸಿದ ಪಟ್ಟು ಕಟ್ಟಿದವಳಲ್ಲ, ಕೂಸೇ. ವಾಸನೆ ಬೇಕು ಅಂತ ನಾ ಇದ ಕೊಳೆಯಲ್ಲಿ ಇಕ್ಕಿದ್ದೆ. ಈಗ ಅದು ನಿನ್ನ ಪಿಟೀಲೊಳಗೆ ಭದ್ರವಾಗಿ ಇದೆಯಲ್ಲ.”

ಉಜ್ಜಿ ಉಜ್ಜಿ ಅವರ ಅಂಗೈ ಕೆಂಪಾಗಿತ್ತು. ಅಷ್ಟು ನೆಮ್ಮದಿಯ ಮುಖವನ್ನು ಅವ್ವೆ ಹೋದ ಮೇಲೆ ನಾನು ನೋಡಿರಲಿಲ್ಲ. ಪಟ್ಟಿನ ವಾಸನೆ ಇನ್ನೂ ಸಿಗುತ್ತಿದ್ದುದು ನನ್ನೊಬ್ಬಳಿಗೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ನನ್ನ ಪಿಟೀಲಲ್ಲಿ ನನಗೆ ಸಿಗುವುದು ಪಿಟೀಲು ಮಾತ್ರ. ಅದನ್ನು ಅವರಿಗೆ ಹೇಗೆ ಹೇಳಲಿ?

“ಒಮ್ಮೆ ಬಾರಿಸು” ಎಂದರು.

ಜಗಲಿಯಲ್ಲಿ ಕೂತು ಕೊನೆಯ ಭಾಗ ನುಡಿಸಿದೆ. ಅಪ್ಪ ಕಣ್ಣು ಮುಚ್ಚಿ ಮೂಗಿನ ತುಂಬ ಉಸಿರೆಳೆದುಕೊಂಡರು. ನಾನೂ ಎಳೆದುಕೊಂಡೆ. ಬಟ್ಟೆ ಸೋಪಿನ ವಾಸನೆ ಬಂತು.