ನಾನು ಕೆರೆದು ತೆಗೆದ ಚುಕ್ಕೆ

ಬಾಂದ್ರಾ ಸ್ಟೇಷನ್ನಿನ ಹತ್ತಿರ ಒಂದು ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿದ್ದ ಫೋಟೋ ಸ್ಟುಡಿಯೋದಲ್ಲಿ ನಾನು ಆರು ವರ್ಷ ರಿಟಚಿಂಗ್ ಕೆಲಸ ಮಾಡಿದೆ. ಐವತ್ತರ ದಶಕದ ಮೊದಮೊದಲ ವರ್ಷಗಳು. ರಿಟಚಿಂಗ್ ಎಂದರೆ ನೆಗೆಟಿವಿನ ಮೇಲೆಯೇ ಕೈಯಾಡಿಸಿ ಮುಖದ ಕಲೆಗಳನ್ನು ಇಲ್ಲವಾಗಿಸುವುದು. ಕಿಟಕಿಗೆ ಎದುರಾಗಿ ಒಂದು ಓರೆ ಮೇಜು, ಅದರ ನಡುವೆ ಮಸುಕು ಗಾಜು, ಗಾಜಿನ ಕೆಳಗೆ ಬೆಳಕನ್ನು ಮೇಲಕ್ಕೆ ಕಳಿಸುವ ಕನ್ನಡಿ. ತಲೆಯ ಮೇಲೆ ಕರಿ ಬಟ್ಟೆ. ನೆಗೆಟಿವಿನಲ್ಲಿ ತೆಳುವಾಗಿದ್ದುದನ್ನು ಚೂಪು ಪೆನ್ಸಿಲಿನಿಂದ ತುಂಬುತ್ತಿದ್ದೆ, ದಟ್ಟವಾಗಿದ್ದುದನ್ನು ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದೆ. ಪೆನ್ಸಿಲಿನ ಕೆಲಸವನ್ನು ಒರೆಸಿ ತೆಗೆಯಬಹುದು. ಚಾಕುವಿನದು ಹಾಗಲ್ಲ, ಕೆರೆದದ್ದು ಹೋದಂತೆಯೇ. ಫಾಸ್ಟ್ ಲೋಕಲ್ ಹಾದುಹೋಗುವಾಗ ಮೇಜು ಸಣ್ಣಗೆ ನಡುಗುತ್ತಿತ್ತು. ಆಗ ಚಾಕು ಎತ್ತಿ ಹಿಡಿದು ಕಾಯುತ್ತಿದ್ದೆ.

ದಿನಕ್ಕೆ ಹತ್ತು ಹನ್ನೆರಡು ಮುಖಗಳು. ಸಿಡುಬಿನ ಕಲೆ, ಮೊಡವೆ, ಕಣ್ಣ ಕೆಳಗಿನ ಸುಕ್ಕು. ಆ ಮುಖಗಳನ್ನು ಅವರ ಮನೆಯವರಿಗಿಂತ ಹತ್ತಿರದಿಂದ ನೋಡಿದವನು ನಾನು. ಆದರೆ ಅವರಲ್ಲಿ ಯಾರಾದರೂ ಎದುರು ಬಂದರೆ ನನ್ನನ್ನು ಗುರುತಿಸುತ್ತಿರಲಿಲ್ಲ. ಉಡುಪಿಯ ಕಡೆಯಿಂದ ಬಂದ ನನ್ನ ವಾರಿಗೆಯವರೆಲ್ಲ ಹೋಟೆಲುಗಳಲ್ಲಿ ಹತ್ತು ಜನರ ನಡುವೆ ಮಲಗಿ ಎದ್ದು ಗಲಾಟೆ ಮಾಡಿಕೊಂಡಿದ್ದರು. ನಾನು ಕರಿ ಬಟ್ಟೆಯ ಕೆಳಗೆ ಕೂತಿದ್ದೆ. ಎಷ್ಟೋ ದಿನ ಸಂಜೆಯವರೆಗೆ ಒಂದು ಮಾತನ್ನೂ ಆಡದೆ ಕಳೆದದ್ದುಂಟು.

ಸ್ಟುಡಿಯೋದ ಧಣಿ ಮಂಗಳೂರಿನವರು. ಕೆಲಸ ಕಲಿಸುವಾಗ ಅವರು ಹೇಳಿದ್ದು ಒಂದೇ: "ಚುಕ್ಕೆ ಕಂಡರೆ ತೆಗಿ ಮಾರಾಯ. ಗಿರಾಕಿ ಕೇಳಿದ ಮೇಲೆ ತೆಗೆಯುವುದಲ್ಲ."

ಒಂದು ದಿನ ನನ್ನ ಮೇಜಿಗೆ ಒಂದು ಗಾಜಿನ ನೆಗೆಟಿವ್ ಬಂತು. ಜೊತೆಯ ಚೀಟಿಯಲ್ಲಿ, ದೊಡ್ಡದು ಮಾಡಬೇಕು ಎಂದಷ್ಟೇ ಇತ್ತು. ಅದರಲ್ಲಿ ಮುಖವೇ ಇರಲಿಲ್ಲ. ಬರಿಯ ಮರಳು. ಒಂದು ಉದ್ದ ದಿಬ್ಬ, ಅದರ ಒಂದು ಬದಿಗೆ ಬಿಸಿಲು, ಇನ್ನೊಂದು ಬದಿಗೆ ನೆರಳು, ಮೇಲೆ ಖಾಲಿ ಆಕಾಶ. ನೆರಳಿನ ಬದಿಯಲ್ಲಿ, ದಿಬ್ಬದ ನೆತ್ತಿಗಿಂತ ಸ್ವಲ್ಪ ಕೆಳಗೆ, ಎಳ್ಳಿನ ಕಾಲು ಭಾಗದಷ್ಟು ದಟ್ಟ ಚುಕ್ಕೆಯೊಂದಿತ್ತು. ಹಾಗೇ ಬಿಟ್ಟರೆ ಅದು ಫೋಟೋದಲ್ಲಿ ಬಿಳಿಯಾಗಿ ಮೂಡುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ದುಂಡಗಿರಲಿಲ್ಲ; ಸ್ವಲ್ಪ ಉದ್ದಕ್ಕಿತ್ತು, ಎಡಕ್ಕೆ ವಾಲಿತ್ತು. ಕಸ ಅಂದುಕೊಂಡೆ. ನಾಲ್ಕು ಸಲ ಚಾಕು ಆಡಿಸಿದೆ. ಐದನೆಯ ಸಲಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಶನಿವಾರ ಅದರ ಗಿರಾಕಿ ಬಂದರು. ಅರವತ್ತರ ಆಸುಪಾಸಿನವರು, ವಿಜಾಪುರದ ಕಡೆಯವರು, ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾಗಿ ಬೊರಿವಲಿಯಲ್ಲಿ ಒಬ್ಬರೇ ಇದ್ದರು. ಧಣಿ ದೊಡ್ಡ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಮಾಸ್ತರರು ಬಹಳ ಹೊತ್ತು ನೋಡಿದರು.

"ಇದು ಯಾರದ್ರಿ?" ಅಂದರು.

"ನಿಮ್ಮದೇ ಅಲ್ವಾ ಮಾಸ್ಟ್ರೇ!"

"ನಂದಲ್ಲ. ಯಾರೋ ಮನಿ ಕಟ್ಟಾಕ ತಂದು ಸುರುವಿದ ಉಸುಕಿನ ಗುಡ್ಡಿ ಐತಿ ಇದು." ಬೆರಳನ್ನು ನೆರಳಿನ ಜಾಗಕ್ಕೆ ತಂದರು. "ಇಲ್ಲೊಬ್ಬಾಂವ ಇದ್ದ. ಎಲ್ಲಿ ಹೋದ?"

"ಯಾರೂ ಇರಲಿಲ್ಲ. ಒಂದು ಬಿಳಿ ಚುಕ್ಕೆ ಇತ್ತು. ನಮ್ಮವ ನೀಟಾಗಿ ತೆಗೆದಿದ್ದಾನೆ," ಎಂದು ಧಣಿ ನನ್ನ ಕಡೆ ಕೈ ತೋರಿಸಿದರು. ಹೊಗಳಿಕೆಯ ದನಿ ಅದು.

ಮಾಸ್ತರರು ಗಿರಾಕಿಗಳನ್ನು ಫೋಟೋಗೆ ಕೂರಿಸುವ ಕುರ್ಚಿಯ ಮೇಲೆ ಕೂತರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾರವಾಡದಿಂದ ಸಿಂಧದ ಕಡೆ ಹೋಗುವ ಹಾದಿಯಲ್ಲಿ, ಮರುಭೂಮಿಯ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಏಳು ವರ್ಷ ಇದ್ದರಂತೆ. ದಿನಕ್ಕೊಂದು ಗಾಡಿ. ಅಲ್ಲಿ ಇವರ ಮಾತು ಬಲ್ಲವರಿಲ್ಲ, ಅವರ ಮಾತು ಇವರಿಗೆ ಸರಿಯಾಗಿ ಬಾರದು. ಬೆಳಿಗ್ಗೆ ದೂರದ ಬಾವಿಯಿಂದ ಒಬ್ಬ ತೊಗಲಿನ ಚೀಲದಲ್ಲಿ ನೀರು ಹೊತ್ತು ತರುತ್ತಿದ್ದ. ಎಡಗಡೆಯಿಂದ ದಿಬ್ಬದ ಮೇಲೆ ಮೊದಲು ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತಿದ್ದ. ಅಲ್ಲಿಂದ ಬಲಗಡೆ ಸ್ಟೇಷನ್ನಿಗೆ ಬಂದು ಮುಟ್ಟಲು ಒಂದು ತಾಸು ಬೇಕು. ಆ ಒಂದು ತಾಸು ಮಾಸ್ತರರು ನೋಡುತ್ತ ನಿಂತಿರುತ್ತಿದ್ದರು.

"ಸಾಹೇಬನೊಬ್ಬ ಹೋಗೋವಾಗ ಕ್ಯಾಮೆರಾ ಕೊಟ್ಟು ಹೋಗಿದ್ದ. ಮೂವತ್ತು ಫೋಟೋ ತೆಗದೆ. ಎಲ್ಲಾ ಬರೇ ಉಸುಕು. ಯಾವದರಾಗೂ ಆ ಜಾಗಾ ಬರಲಿಲ್ಲ. ಅಂವ ಬಂದದ್ದರಾಗ ಮಾತ್ರ ಬಂತು. ಅಂವ ಅಷ್ಟು ಸಣ್ಣಾಂವ ಕಂಡ್ರನ ಅದು ಎಷ್ಟು ದೊಡ್ಡದು ಅಂತ ತಿಳಿಯೂದು." ಸಣ್ಣ ಪ್ರತಿ ಒಂದಿದ್ದುದನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ಈ ಗಾಜು ಒಂದೇ.

ಧಣಿಗೂ ಕಸಿವಿಸಿಯಾಯಿತು. "ಬ್ರಶ್ಶಿನಲ್ಲಿ ಒಂದು ಬಿಳಿ ಚುಕ್ಕೆ ಇಟ್ಟು ಕೊಡುವ ಮಾಸ್ಟ್ರೇ. ಎರಡು ನಿಮಿಷ."

"ಉಪ್ಪಿಟ್ಟಿಗೆ ಮ್ಯಾಲೆ ಉಪ್ಪು ಉದುರಿಸಿದಂಗೇನ್ರಿ?" ಅಂದರು ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿದರು. "ತಮ್ಮಾ, ಅಂವನ್ನ ಕಡೀಗೆ ನೋಡಿದಾಂವ ನೀನು. ಹೆಂಗಿದ್ದ ಹೇಳು."

ಕಣ್ಣು ಮುಚ್ಚಿ, ಭೂತಗನ್ನಡಿಯಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳಲು ನೋಡಿದೆ. "ಉದ್ದಕ್ಕಿದ್ದ. ಕಾಲು ಬೇರೆಯಾಗಿ ಕಾಣಲಿಲ್ಲ. ಎಡಕ್ಕೆ ವಾಲಿದ್ದ, ನಡೆಯುವವರು ಮುಂದಕ್ಕೆ ವಾಲುವ ಹಾಗೆ."

"ಎಡಕ್ಕ?"

"ಎಡಕ್ಕೆ."

ಅವರು ಫೋಟೋದ ಎಡ ಅಂಚಿನ ಮೇಲೆ ಬೆರಳಿಟ್ಟರು. "ಹಂಗಾದ್ರ ಹೋಗಾಕತ್ತಿದ್ದ," ಅಂದರು. "ಬಾವಿ ಎಡಕ್ಕೈತಿ. ನಾ ಇಷ್ಟು ವರ್ಷ ಅಂವ ಬರೂದನ್ನ ತೆಗದೀನಿ ಅಂತ ತಿಳಿದಿದ್ದೆ ನೋಡು."

ನಾನು ಬೇಡವೆಂದರೂ ಮಾಸ್ತರರು ಕೇಳಲಿಲ್ಲ. ನೋಡಿದವನು ನೀನು, ನೋಡಿದಂತೆಯೇ ಇಡು ಎಂದರು. ಫೋಟೋದ ಮೇಲೆ ಬ್ರಶ್ಶಿನ ಒಂದೇ ಕೂದಲಿನಿಂದ ಎಡಕ್ಕೆ ವಾಲಿದ ಬಿಳಿ ಗೆರೆಯೊಂದನ್ನು ಇಟ್ಟೆ. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮಾಸ್ತರರು ಮೆಟ್ಟಿಲಿಳಿದರು.

ಮುಂದಿನ ಮಂಗಳವಾರ ಒಬ್ಬ ಗುಮಾಸ್ತನ ನೆಗೆಟಿವ್ ಮೇಜಿಗೆ ಬಂತು. ಅವನ ಅಂಗಿಯ ಜೇಬು ಬಲ ಎದೆಯ ಮೇಲಿತ್ತು. ದಿನಾ ನೋಡುವ ಸಂಗತಿ. ಚಾಕುವಿನ ಕೆಲಸವನ್ನು ಮಾಡುವುದು ನೆಗೆಟಿವಿನ ಮದ್ದು ಹಚ್ಚಿದ ಬದಿಯಿಂದ; ಆ ಬದಿಯಿಂದ ನೋಡಿದರೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕೆಲಸ ಕಲಿತ ದಿನದಿಂದ ನನಗೆ ಗೊತ್ತಿದ್ದದ್ದು ಅದು. ಆ ಶನಿವಾರ ಮಾತ್ರ ಹೊಳೆಯಲಿಲ್ಲ. ನಾನು ಎಡಕ್ಕೆ ವಾಲಿದ್ದನ್ನು ಕಂಡಿದ್ದರೆ, ಅವನು ನಿಜದಲ್ಲಿ ಬಲಕ್ಕೆ ವಾಲಿದ್ದ. ಸ್ಟೇಷನ್ನಿನ ಕಡೆ ಬರುತ್ತಿದ್ದ.

ಭಾನುವಾರ ರಸೀದಿ ಪುಸ್ತಕದಿಂದ ವಿಳಾಸ ಬರೆದುಕೊಂಡು, ಬ್ರಶ್ಶು, ಬಿಳಿ ಬಣ್ಣ, ಸ್ವಲ್ಪ ಹತ್ತಿ ತೆಗೆದುಕೊಂಡು ಬೊರಿವಲಿಗೆ ಹೊರಟೆ. ಆಗ ಅಲ್ಲಿ ಸ್ಟೇಷನ್ ದಾಟಿದರೆ ಮನೆಗಳಿಗಿಂತ ಹುಲ್ಲೇ ಹೆಚ್ಚು. ಚಾಳಿನ ಕೊನೆಯ ಖೋಲಿ. ಒಂದು ಮಂಚ, ಒಂದು ಕುರ್ಚಿ, ಒಂದು ಸ್ಟವ್. ಫೋಟೋವನ್ನು ಹಲಗೆಗೆ ಮೊಳೆ ಹೊಡೆದು ಗೋಡೆಗೆ ಒರಗಿಸಿಟ್ಟಿದ್ದರು. ಕುರ್ಚಿ ಅದರ ಎದುರಿಗಿತ್ತು.

ನಾನು ನಿಂತೇ ಹೇಳಿದೆ. "ಮಾಸ್ಟ್ರೇ, ನೋಡಿದ್ದು ತಪ್ಪಲ್ಲ, ಹೇಳಿದ್ದು ತಪ್ಪಾಯ್ತು." ಗಾಜಿನ ಎರಡು ಬದಿಗಳ ವಿಷಯವನ್ನು ಬಿಡಿಸಿ ಹೇಳಿದೆ.

ಅವರು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ಹಣೆ ಉಜ್ಜಿಕೊಂಡರು. "ನೀ ಅವತ್ತ ಎಡಕ್ಕ ಅಂದಿ. ಈ ವಾರೆಲ್ಲಾ ಅಂವ ಹೋಗೂದನ್ನ ನೆನಪು ಮಾಡೀನಪಾ. ಮೊದಲು ಎಂದೂ ಮಾಡಿದ್ದಿಲ್ಲ. ನೀರು ಇಳಿಸಿದ ಕೂಡ್ಲೆ ನಾ ಒಳಗ ಹೋಗ್ತಿದ್ದೆ. ಏಳು ವರ್ಷ ಅಂವ ಹೋಗೂದನ್ನ ನಿಂತು ನೋಡಲೇ ಇಲ್ಲ." ಆಮೇಲೆ ಕೇಳಿದರು, "ಖರೇ ಬರಾಕತ್ತಿದ್ದನೇನು?"

ಅಷ್ಟು ಸಣ್ಣ ಚುಕ್ಕೆ ವಾಲಿತ್ತೆಂದು ನಾನು ಆಣೆ ಮಾಡಬಲ್ಲೆನೇ? ಅದನ್ನೇ ಹೇಳಿದೆ. "ಕಂಡದ್ದು ಹಾಗೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಮಾಸ್ಟ್ರೇ."

"ಹಂಗಾದ್ರ ಹಳೇದನ್ನ ಒರಸು."

ಹತ್ತಿಯನ್ನು ಒದ್ದೆ ಮಾಡಿ ನಾನಿಟ್ಟ ಗೆರೆಯನ್ನು ತೆಗೆದೆ. ದಿಬ್ಬ ಮತ್ತೆ ಖಾಲಿಯಾಯಿತು. ಬಣ್ಣ ಕಲಸಿ ಬ್ರಶ್ಶನ್ನು ಕಾಗದದ ಹತ್ತಿರ ತಂದಾಗ ಅವರು ನನ್ನ ಮಣಿಕಟ್ಟು ಹಿಡಿದರು.

"ತಡಿ. ಸ್ವಲ್ಪ ಖಾಲಿ ಇರಲಿ." ಕುರ್ಚಿಯಲ್ಲಿ ಕೂತು ನೋಡಿದರು. "ಮುಂಜಾನೆ ಹಿಂಗ ಇರ್ತಿತ್ತು. ಅಂವ ಬರೂಕಿಂತ ಮೊದಲು."

ನಾನು ಮಂಚದ ಅಂಚಿನಲ್ಲಿ ಕೂತೆ. ಅವರು ನೋಡುತ್ತಿದ್ದ ಕಡೆಯೇ, ದಿಬ್ಬದ ಎಡ ತುದಿಯನ್ನೇ ನೋಡಿದೆ. ಸ್ಟುಡಿಯೋದಲ್ಲಿ ಎಷ್ಟು ಸಲ ನೋಡಿದರೂ ಅದು ನನಗೆ ನಮ್ಮೂರ ಕಡಲ ದಂಡೆಯ ಹೊಯಿಗೆಯಷ್ಟೇ ಆಗಿತ್ತು. ಈಗ ಆ ತುದಿಯಿಂದ ಈ ತುದಿಗೆ ನಡೆಯಲು ಒಂದು ತಾಸು ಬೇಕೆಂಬುದು ಕಣ್ಣಿಗೆ ಕಾಣುತ್ತಿತ್ತು. ಮಾಸ್ತರರು ಮತ್ತೆ ಇಡು ಎಂದು ಹೇಳಲಿಲ್ಲ. ಬ್ರಶ್ಶಿನ ತುದಿಯ ಬಣ್ಣ ಒಣಗಿ ಗಟ್ಟಿಯಾಯಿತು. ನಾವಿಬ್ಬರೂ ಅಲ್ಲೇ ಕೂತು ಅವನನ್ನು ಕಾದೆವು.